ಲಾಕ್ ಬಟನ್ ಮೂರು ಸಲ ಒತ್ತಿ: ಫೋರ್ಟಿನ್ ಎವೋ-ಒನ್ ರಿಮೋಟ್ ಸ್ಟಾರ್ಟರ್, ಎರಡು ಚಳಿಗಾಲ ಕಳೆದ ಮೇಲೆ

ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಏಳಕ್ಕೆ ಶಿಫ್ಟ್. ಮನೆ ಬಿಡೋದು ಆರಕ್ಕೆ. ಅಮೆರಿಕದ ಮಿನಿಯಾಪೋಲಿಸ್ ಹೊರವಲಯದಲ್ಲಿ ಜನವರಿಯ ಆರು ಗಂಟೆ ಅಂದರೆ ಕತ್ತಲೆ, ಕಾರಿನ ಗಾಜಿನ ಮೇಲೆ ಮಂಜುಗಡ್ಡೆ, ಮುಟ್ಟಿದರೆ ಬೆರಳು ಅಂಟುವಷ್ಟು ತಣ್ಣಗಿರುವ ಹಿಡಿಕೆ. 2019ರ ಜನವರಿ 30ರಂದು ಈ ಊರಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತು, ನಮ್ಮ ಲೆಕ್ಕದಲ್ಲಿ ಮೈನಸ್ 33 ಡಿಗ್ರಿ. ಕಾರು ಬೆಚ್ಚಗಾಗಲಿ ಅಂತ ಕೀ ಹಾಕಿ ಎಂಜಿನ್ ಓಡುತ್ತಾ ಬಿಟ್ಟು ಮನೆಯೊಳಗೆ ಬಂದು ಕೂರೋಣ ಅಂದರೆ ಅದು ಊರಿನ ನಿಯಮಕ್ಕೆ ವಿರುದ್ಧ, ಜೊತೆಗೆ ಕಳ್ಳರಿಗೆ ಕರೆದು ಕೊಟ್ಟ ಹಾಗೆ. ಹಾಗಾಗಿ ಮನೆಯೊಳಗಿನಿಂದಲೇ ಬಟನ್ ಒತ್ತಿ ಎಂಜಿನ್ ಸ್ಟಾರ್ಟ್ ಮಾಡುವ ರಿಮೋಟ್ ಸ್ಟಾರ್ಟರ್ ಇಲ್ಲಿ ಶೋಕಿಗೆ ಹಾಕಿಸುವ ವಸ್ತು ಅಲ್ಲ.

ನಮ್ಮದು ಕೀ ತಿರುಗಿಸಿ ಸ್ಟಾರ್ಟ್ ಮಾಡುವ 2013ರ ಜಪಾನಿ ಸೆಡಾನ್. ಬಾಗಿಲಿಗೆ ಕಂಪನಿಯ ರಿಮೋಟ್ ಇದೆ, ಸ್ಟಾರ್ಟ್ ಮಾಡೋಕೆ ಇಲ್ಲ. ಮೊದಲ ವರ್ಷ ಒಂದು ಅಂಗಡಿಯಲ್ಲಿ 380 ಡಾಲರ್ ಕೊಟ್ಟು ಹಾಕಿಸಿದೆವು. ಒಂದೇ ಬಟನ್ ಇರುವ ಪುಟ್ಟ ರಿಮೋಟ್ ಕೊಟ್ಟರು. ಒತ್ತಿದರೆ ಕಾರ್ ಸ್ಟಾರ್ಟ್ ಆಗುತ್ತಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಎಂಜಿನ್ ಓಡುತ್ತಿರುವಾಗ ಕಂಪನಿಯ ರಿಮೋಟ್ ಸತ್ತ ಹಾಗೆ ಇರುತ್ತಿತ್ತು. ಅನ್‌ಲಾಕ್ ಎಷ್ಟು ಸಲ ಒತ್ತಿದರೂ ಬಾಗಿಲು ತೆಗೆಯುತ್ತಿರಲಿಲ್ಲ. ಕೈಗವಸು ಬಿಚ್ಚಿ, ಕಬ್ಬಿಣದ ಕೀಯನ್ನು ಬಾಗಿಲಿಗೆ ಹಾಕಿ ತಿರುಗಿಸಿದರೆ ಬಾಗಿಲೇನೋ ತೆಗೆಯುತ್ತಿತ್ತು, ಆದರೆ ಅಲಾರಂ ಆಫ್ ಆಗಿರುತ್ತಿರಲಿಲ್ಲವಲ್ಲ, ಬಾಗಿಲು ತೆಗೆದ ತಕ್ಷಣ ಹಾರ್ನ್ ಹೊಡೆದುಕೊಳ್ಳೋಕೆ ಶುರು. ಬೆಳಗಿನ ಆರು ಗಂಟೆಗೆ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ. ಎದುರು ಮನೆಯಲ್ಲಿ ಹಸುಗೂಸು ಬೇರೆ ಇತ್ತು. ಎರಡು ಸಲ ಅಂಗಡಿಗೆ ಹೋಗಿ ಕೇಳಿದೆ. ‘ಈ ಮಾಡೆಲ್ ಕಾರುಗಳೇ ಹಾಗೆ’ ಅಂದರು. ಈ ಮಾತು ಸುಳ್ಳು ಅಂತ ಗೊತ್ತಾಗೋಕೆ ನಾನೇ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಯಿತು.

ಬಿಚ್ಚುವಾಗ ಜೊತೆಗೆ ಹುಬ್ಬಳ್ಳಿಯ ಹುಡುಗ ಒಬ್ಬ ಇದ್ದ, ನಮ್ಮ ಪಕ್ಕದ ಬ್ಲಾಕಿನವನು. ಸ್ಟೇರಿಂಗ್ ಕೆಳಗಿನ ಪ್ಯಾನೆಲ್ ತೆಗೆದು ಟಾರ್ಚ್ ಹಿಡಿದವನು, ‘ಅಣ್ಣಾ, ಇಲ್ನೋಡ್ರಿ, ಒಳಗ ಕೀ ಐತಿ’ ಅಂದ. ನಿಜ. ಅಂಗಡಿಯವರು ನಮ್ಮಿಂದ ಇಸಕೊಂಡಿದ್ದ ಎರಡನೇ ಕೀಯನ್ನೇ ಕಪ್ಪು ಟೇಪ್ ಸುತ್ತಿ ಸ್ಟೇರಿಂಗ್ ಕಂಬದ ಪಕ್ಕ ಕಟ್ಟಿಬಿಟ್ಟಿದ್ದರು.

ಯಾಕೆ ಅಂತ ಹೇಳುತ್ತೇನೆ, ವಿಷಯದ ಗಂಟು ಇರೋದೇ ಇಲ್ಲಿ. ಈಗಿನ ಕೀಗಳ ತಲೆಯಲ್ಲಿ ಒಂದು ಚಿಪ್ ಇರುತ್ತದೆ. ಕೀ ರಂಧ್ರದ ಸುತ್ತ ಇರುವ ಸುರುಳಿ ಆ ಚಿಪ್ಪನ್ನು ಓದಿ ಸರಿ ಅಂದರೆ ಮಾತ್ರ ಎಂಜಿನ್ ಓಡುತ್ತದೆ. ರಿಮೋಟ್ ಸ್ಟಾರ್ಟ್ ಮಾಡುವಾಗ ಕೀ ಇರೋದಿಲ್ಲ, ಹಾಗಾಗಿ ಹಳೆಯ ದಾರಿ ಅಂದರೆ ಒಂದು ನಿಜವಾದ ಕೀಯನ್ನೇ ಒಳಗೆ ಬಚ್ಚಿಡೋದು. ಅದಲ್ಲದೆ ಇನ್ನೊಂದು ವೈರ್ ಇದೆ, ಕೀ ಸೆನ್ಸ್ ಅಂತಾರೆ. ‘ರಂಧ್ರದಲ್ಲಿ ಕೀ ಇದೆ’ ಅಂತ ಕಾರಿಗೆ ತಿಳಿಸೋದು ಅದರ ಕೆಲಸ. ಅಂಗಡಿಯವರು ಸ್ಟಾರ್ಟರ್ ಓಡುವಷ್ಟು ಹೊತ್ತೂ ಆ ವೈರಿಗೆ ಸಿಗ್ನಲ್ ಕೊಟ್ಟಿದ್ದರು. ಕೀ ಒಳಗಿದೆ, ಡ್ರೈವರ್ ಕೂತಿದ್ದಾನೆ ಅಂತ ಕಾರು ತಿಳಿದುಕೊಂಡ ಮೇಲೆ ಹೊರಗಿನಿಂದ ಒತ್ತುವ ರಿಮೋಟಿನ ಮಾತನ್ನು ಅದು ಯಾಕೆ ಕೇಳಬೇಕು? ಕಾರಿನ ತಪ್ಪು ಏನೂ ಇಲ್ಲ. ವೈರಿಂಗ್ ಮಾಡಿದವರು ಬಾಗಿಲಿನ ಬಗ್ಗೆ ಯೋಚನೆ ಮಾಡಿರಲಿಲ್ಲ, ಅಷ್ಟೇ.

ಜೊತೆಗೆ ಎಲ್ಲಾ ಜೋಡಣೆಯೂ ಒತ್ತಿ ಸಿಕ್ಕಿಸುವ ಕ್ಲಿಪ್ಪುಗಳದ್ದು. ವೈರಿನ ಮೈ ಸೀಳಿ ಒಳಗಿನ ತಾಮ್ರಕ್ಕೆ ತಾಗುವ ಅಗ್ಗದ ಕ್ಲಿಪ್. ಒಂದನ್ನು ಬಿಚ್ಚಿದಾಗ ತಾಮ್ರ ಹಸಿರುಗಟ್ಟಿತ್ತು, ಏಳೆಂಟು ಎಳೆಗಳಲ್ಲಿ ಮೂರೇ ಉಳಿದಿದ್ದವು. ಸ್ಟಾರ್ಟ್ ಆಗುವ ವೈರ್ ಅದು! ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಎಲ್ಲವನ್ನೂ ಕಿತ್ತು, ಕಾರಿನ ವೈರುಗಳನ್ನು ಬೆಸುಗೆ ಹಾಕಿ ಸರಿ ಮಾಡಿ, ಫೋರ್ಟಿನ್ ಎವೋ-ಒನ್ ತರಿಸಿದೆ. ಫೋರ್ಟಿನ್ ಕೆನಡಾದ ಕಂಪನಿ, ಚಳಿ ಅಂದರೇನು ಅಂತ ಗೊತ್ತಿರುವವರು. ಇದರಲ್ಲಿ ಸ್ಟಾರ್ಟರ್ ಮತ್ತು ಚಿಪ್ ಕೆಲಸ ನೋಡಿಕೊಳ್ಳುವ ಬೈಪಾಸ್ ಎರಡೂ ಒಂದೇ ಡಬ್ಬಿಯಲ್ಲಿವೆ. ಕೀ ಬಚ್ಚಿಡುವ ಗೋಜಿಲ್ಲ. ಜೊತೆಗೆ ನಮ್ಮ ಕಾರಿಗೆ ಹೊಂದುವ ಟಿ-ಹಾರ್ನೆಸ್ ಅನ್ನುವ ವೈರುಗಳ ಕಟ್ಟು ತಗೊಂಡೆ. ಎರಡೂ ಸೇರಿ ನನಗೆ 210 ಡಾಲರ್ ಬಿತ್ತು. ಟಿ-ಹಾರ್ನೆಸ್ಸಿಗೆ ದುಡ್ಡು ಉಳಿಸೋಕೆ ಹೋಗಬೇಡಿ, ದಯವಿಟ್ಟು. ಇಗ್ನಿಷನ್ ಸ್ವಿಚ್ಚಿನ ಪ್ಲಗ್ ಬಿಚ್ಚಿ, ಮಧ್ಯದಲ್ಲಿ ಇದನ್ನು ಸಿಕ್ಕಿಸಿದರೆ ಮುಖ್ಯವಾದ ವೈರುಗಳೆಲ್ಲ ತಾವಾಗೇ ಕೂಡಿಕೊಳ್ಳುತ್ತವೆ, ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಮುಂದೆ ಕಾರ್ ಮಾರುವಾಗ ಬಿಚ್ಚಿಟ್ಟುಕೊಂಡರೆ ಕಾರು ಮೊದಲಿದ್ದ ಹಾಗೇ ಇರುತ್ತದೆ.

ಬ್ರೇಕ್, ಬಾಗಿಲು, ಎಂಜಿನ್ ಓಡುತ್ತಿದೆಯಾ ಅನ್ನೋದು, ಇದೆಲ್ಲ ನಮ್ಮ ಕಾರಿನಲ್ಲಿ ಕ್ಯಾನ್ ಅನ್ನುವ ಎರಡು ಹೆಣೆದ ವೈರುಗಳಲ್ಲೇ ಓಡಾಡುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸುವ ಪೋರ್ಟ್ ಇದೆಯಲ್ಲ, ಅದರ 6 ಮತ್ತು 14ನೇ ಪಿನ್ ಅವೇ. ಕಂಪನಿಯ ರಿಮೋಟಿನಲ್ಲಿ ಲಾಕ್ ಒತ್ತಿದರೆ ಆ ಸುದ್ದಿಯೂ ಇದೇ ದಾರಿಯಲ್ಲಿ ಹೋಗುತ್ತದೆ. ಎವೋ-ಒನ್ ಅದನ್ನು ಕೇಳಿಸಿಕೊಂಡು, ಮೂರು ಸಲ ಲಾಕ್ ಬಂದರೆ ಸ್ಟಾರ್ಟ್ ಮಾಡುತ್ತದೆ. ಬೇರೆ ರಿಮೋಟೇ ಬೇಡ. ಬಾಗಿಲು ತೆಗೆಯಲು, ಅಲಾರಂ ಆಫ್ ಮಾಡಲು ಕಾರಿನ ಭಾಷೆಯಲ್ಲೇ ಹೇಳುತ್ತದೆ. ಹಾಗಾಗಿ ಈಗ ಎಂಜಿನ್ ಓಡುತ್ತಿದ್ದರೂ ಅನ್‌ಲಾಕ್ ಒತ್ತಿದರೆ ‘ಟಕ್’ ಅಂತ ಬಾಗಿಲು ತೆಗೆಯುತ್ತದೆ. ಹಾರ್ನ್ ಇಲ್ಲ. ಮೊದಲ ದಿನ ಆ ಟಕ್ ಕೇಳಿ ಹೆಂಡತಿ ಕಿಟಕಿ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿ ಕೈ ಎತ್ತಿದಳು.

ತಗೊಳ್ಳುವ ಮೊದಲು ಕೆಲವು ವಿಷಯ ತಿಳಿದಿರಲಿ. ಡಬ್ಬಿಯೊಳಗೆ ನಿಮ್ಮ ಕಾರಿಗೆ ಬೇಕಾದ ಸಾಫ್ಟ್‌ವೇರ್ ತುಂಬಬೇಕು, ಅದಕ್ಕೆ ಫ್ಲ್ಯಾಶ್ ಲಿಂಕ್ ಅನ್ನುವ ಬೇರೆ ಸಾಧನ ಬೇಕು. ಮಾರುವವರೇ ತುಂಬಿ ಕೊಡುತ್ತಾರಾ ಅಂತ ಮೊದಲೇ ಕೇಳಿ. ಕಂಪನಿಯ ರಿಮೋಟ್ ಎಷ್ಟು ದೂರ ತಲುಪುತ್ತದೋ ಅಷ್ಟೇ ದೂರದಿಂದ ಕೆಲಸ ಮಾಡುತ್ತದೆ. ನಮ್ಮದು ಎರಡನೇ ಮಹಡಿ, ಕಿಟಕಿಯಿಂದ ಸಿಗುತ್ತದೆ, ಆಸ್ಪತ್ರೆಯ ಒಳಗಿನಿಂದ ಸಿಗೋದಿಲ್ಲ. ದೂರದಿಂದ ಬೇಕು ಅಂದರೆ ಬೇರೆ ಆಂಟೆನಾ, ರಿಮೋಟ್ ಸೇರಿಸಬೇಕು, ಖರ್ಚು ಜಾಸ್ತಿ. ಕಾರಿನಲ್ಲಿ ಕೂತ ಮೇಲೆ ಮೊದಲು ಕೀ ಹಾಕಿ ಆನ್ ತನಕ ತಿರುಗಿಸಿ ಆಮೇಲೆ ಬ್ರೇಕ್ ಒತ್ತಬೇಕು. ಕೀ ಹಾಕದೆ ಬ್ರೇಕ್ ಮುಟ್ಟಿದರೆ ಎಂಜಿನ್ ನಿಲ್ಲುತ್ತದೆ, ಕಳ್ಳ ಓಡಿಸಿಕೊಂಡು ಹೋಗದಿರಲಿ ಅಂತ ಇರುವ ವ್ಯವಸ್ಥೆ ಅದು.

ನೀವೇ ಹಾಕುವುದಾದರೆ ಹಳದಿ ಬಣ್ಣದ ವೈರು, ಪ್ಲಗ್ಗುಗಳ ಹತ್ತಿರ ಕೈ ಹಾಕಬೇಡಿ, ಅವು ಏರ್‌ಬ್ಯಾಗಿನವು. ಲೈಟ್ ಉರಿಯುವ ಟೆಸ್ಟರ್ ಬೇಡ, ಡಿಜಿಟಲ್ ಮೀಟರ್ ಇಟ್ಟುಕೊಳ್ಳಿ. ಗೇರ್ ಹಾಕುವ ಕಾರಾದರೆ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ, ಗೇರಿನಲ್ಲಿದ್ದಾಗ ಸ್ಟಾರ್ಟ್ ಆದರೆ ಕಾರು ಮುಂದೆ ಹಾರುತ್ತದೆ. ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ ಕಾರ್ ನಿಲ್ಲಿಸುವವರಂತೂ ಬಾಗಿಲು ಮುಚ್ಚಿರುವಾಗ ಯಾವತ್ತೂ ಒತ್ತಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗೋದಿಲ್ಲ. ಮಕ್ಕಳ ಕೈಗೆ ಕೀ ಸಿಗದ ಹಾಗೆ ಇಡಿ.

ಬಾನೆಟ್ ಪಿನ್ ಬಗ್ಗೆ ಮರೆತಿದ್ದೆ. ಬಾನೆಟ್ ತೆರೆದಿದ್ದರೆ ಸ್ಟಾರ್ಟ್ ಆಗದ ಹಾಗೆ ತಡೆಯುವ ಒಂದು ಸಣ್ಣ ಸ್ವಿಚ್ ಅದು. ಕೆಲವು ಕಡೆ ಇದನ್ನು ಹಾಕೋದೇ ಇಲ್ಲ. ಕೈ ಬೆಲ್ಟಿನ ಹತ್ತಿರ ಇರುವಾಗ ಯಾರೋ ಮನೆಯಿಂದ ಬಟನ್ ಒತ್ತಿದರೆ ಬೆರಳು ಹೋಗುತ್ತದೆ, ಹಾಗಾಗಿ ಇದನ್ನು ಹಾಕಿಸದೆ ಕಾರ್ ವಾಪಸ್ ತಗೊಳ್ಳಬೇಡಿ. ನಾನು ಪಿನ್ ಬೇರೆ ತಗೊಂಡು ಫೆಂಡರ್ ಪಕ್ಕ ಕೂರಿಸಿದ್ದೆ. ಎರಡು ಚಳಿಗಾಲದಲ್ಲಿ ಕಾರು ರಿಮೋಟಿಗೆ ಸ್ಟಾರ್ಟ್ ಆಗದೆ ಹೋದದ್ದು ಒಂದೇ ಒಂದು ದಿನ, ಕಳೆದ ಫೆಬ್ರವರಿಯಲ್ಲಿ. ನೋಡಿದರೆ ರಸ್ತೆಗೆ ಸುರಿಯುವ ಉಪ್ಪಿಗೆ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಬಾನೆಟ್ ತೆರೆದೇ ಇದೆ ಅಂತ ಡಬ್ಬಿ ತಿಳಿದುಕೊಂಡಿತ್ತು. ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿದೆ. ಹತ್ತು ನಿಮಿಷದ ಕೆಲಸ, ಹೆಂಡತಿ ಶಿಫ್ಟಿಗೆ ಸರಿಯಾದ ಹೊತ್ತಿಗೇ ಹೋದಳು.