ಗ್ರಿಪ್ ಬಾಲ್ ಹೆಡ್: ನಿಂತ ಹಿಡಿ, ಅಡ್ಡ ಹಿಡಿ, ಜೊತೆಗೆ ಹಳೆಯ ನಾಬ್

ಟ್ರೈಪಾಡ್ ತುದಿಯಲ್ಲಿ ಕ್ಯಾಮೆರಾ ಹಿಡಿದು, ಒಂದು ಗುಂಡಿನ (ಬಾಲ್) ಮೇಲೆ ಎಲ್ಲ ಕಡೆ ತಿರುಗಿಸುವ ಭಾಗವೇ ಬಾಲ್ ಹೆಡ್. ಅದನ್ನು ಹಿಡಿಯ ಲಿವರ್ ಅದುಮಿ ಸಡಿಲಿಸುವಂತಿದ್ದರೆ ಗ್ರಿಪ್ ಬಾಲ್ ಹೆಡ್. ಇದನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ಅದು ಎಷ್ಟು ಕಿಲೋ ತಡೆಯುತ್ತದೆ ಅನ್ನುವ ಲೆಕ್ಕವನ್ನು. ಮೂರು ಬಗೆಯ ಹೆಡ್‌ಗಳನ್ನು ಒಂದೇ ಟ್ರೈಪಾಡ್ ಮೇಲೆ ಕೂರಿಸಿ, ಒಂದೇ ಕ್ಯಾಮೆರಾ ಹಾಕಿ ಬಳಸಿದ ಮೇಲೆ ನಾನು ಆ ಲೆಕ್ಕವನ್ನು ಎರಡನೆಯ ಸಾಲಿಗೆ ತಳ್ಳಿದ್ದೇನೆ. ಈಗ ನಾನು ಮೊದಲು ನೋಡುವುದು ಬಾಲ್‌ನಿಂದ ಕ್ಯಾಮೆರಾ ಎಷ್ಟು ದೂರ ಕೂರುತ್ತದೆ ಅನ್ನುವುದನ್ನು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಸಬರಿಗೆ ಒಂದು ಮಾತು. ಮಾಮೂಲಿ ಬಾಲ್ ಹೆಡ್‌ನಲ್ಲಿ ನಾಬ್ ತಿರುಗಿಸಿ ಬಿಗಿ ಮಾಡಬೇಕು. ಬಿಗಿ ಮಾಡುವವರೆಗೆ ಬಾಲ್ ಸಡಿಲ. ಗ್ರಿಪ್ ಹೆಡ್‌ನಲ್ಲಿ ಇದು ತಲೆಕೆಳಗು. ಒಳಗಿರುವ ಸ್ಪ್ರಿಂಗ್ ಸದಾ ಬಾಲ್ ಮೇಲೆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಲಿವರ್ ಅದುಮಿದರೆ ಬ್ರೇಕ್ ಬಿಡುತ್ತದೆ, ಕೈ ಸಡಿಲಿಸಿದರೆ ಮತ್ತೆ ಹಿಡಿಯುತ್ತದೆ. ಅಂದರೆ ನಾವು ಏನೂ ಮಾಡದೆ ಇದ್ದಾಗ ಹೆಡ್ ಲಾಕ್ ಆಗಿಯೇ ಇರುತ್ತದೆ. ಬಿಗಿ ಮಾಡಲು ಮರೆತೆ ಅನ್ನುವ ಪ್ರಶ್ನೆಯೇ ಇಲ್ಲ.

ನಾನು ಹೋಲಿಸಿದ ಬಗೆಗಳು ಇವು. ಮೊದಲನೆಯದು ನಿಂತ ಹಿಡಿ, ಜಾಯ್‌ಸ್ಟಿಕ್ ಅಂತಲೂ ಕರೆಯುತ್ತಾರೆ. ಬಾಲ್ ಅಡಿಯಲ್ಲಿ, ಅದರ ಮೇಲೆ ಉದ್ದ ಹಿಡಿ, ತುದಿಯಲ್ಲಿ ಕ್ಯಾಮೆರಾ. ಮ್ಯಾನ್‌ಫ್ರೊಟ್ಟೊ 222 ಈ ಆಕಾರಕ್ಕೆ ಹೆಸರಾದ ಮಾದರಿ. ಎರಡನೆಯದು ಅಡ್ಡ ಹಿಡಿ. ಇದರಲ್ಲಿ ಕ್ಯಾಮೆರಾ ಬಾಲ್‌ಗೆ ಹತ್ತಿರವೇ ಕೂರುತ್ತದೆ, ಲಿವರ್ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಅದೇ ಕಂಪನಿಯ 322ಆರ್‌ಸಿ2 ಇದಕ್ಕೆ ಒಳ್ಳೆಯ ಉದಾಹರಣೆ. ಮೂರನೆಯದು ಮಾಮೂಲಿ ನಾಬ್ ಬಾಲ್ ಹೆಡ್. ಕೆಳಗಿನ ಮಾತುಗಳೆಲ್ಲ ಆಕಾರದ ಬಗ್ಗೆ, ಯಾವುದೋ ಒಂದು ಕಂಪನಿಯ ಬಗ್ಗೆ ಅಲ್ಲ. ಕ್ಯಾಮೆರಾ ಮತ್ತು ಸಾಧಾರಣ ಜೂಮ್ ಸೇರಿ ಸುಮಾರು ಒಂದೂವರೆ ಕಿಲೋ ಇತ್ತು. ಆಮೇಲೆ ಚಿಕ್ಕ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್, ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಕೂಡ ಹಾಕಿ ನೋಡಿದೆ.

ನಿಂತ ಹಿಡಿಯನ್ನು ಮೊದಲ ಸಲ ಅದುಮಿದಾಗ ಆಗುವ ಖುಷಿಯೇ ಬೇರೆ. ಒಂದೇ ಕೈ ಸಾಕು. ಹಿಡಿ ಅಂಗೈಯಲ್ಲಿ ತುಂಬಿ ಕೂರುತ್ತದೆ, ಕ್ಯಾಮೆರಾ ಹೇಳಿದ ಕಡೆ ತಿರುಗುತ್ತದೆ, ಬೆರಳು ಬಿಟ್ಟರೆ ನಿಲ್ಲುತ್ತದೆ. ಮಕ್ಕಳ ಫೋಟೋ ತೆಗೆಯುವಾಗ, ಹೂವಿನಿಂದ ಹೂವಿಗೆ ಹಾರುವ ಚಿಟ್ಟೆಯನ್ನು ಹಿಂಬಾಲಿಸುವಾಗ ಈ ವೇಗಕ್ಕೆ ಬೆಲೆ ಕಟ್ಟಲಾಗದು. ನಾಬ್ ಹೆಡ್‌ನಲ್ಲಿ ಬಿಚ್ಚಿ, ತಿರುಗಿಸಿ, ಬಿಗಿ ಮಾಡುವಷ್ಟರಲ್ಲಿ ಚಿಟ್ಟೆ ಹೋಗಿ ಆಗಿರುತ್ತದೆ.

ಆದರೆ ಹಿಡಿಯ ಉದ್ದವೇ ಇದರ ತೊಂದರೆ. ಲೆಕ್ಕ ಹಾಕಿ ನೋಡಿ. ಕ್ಯಾಮೆರಾದ ಭಾರ ಬಾಲ್‌ನ ನಡುವಿನಿಂದ 20 ಸೆಂಟಿಮೀಟರ್ ಮೇಲಿದೆ ಅಂದುಕೊಳ್ಳಿ. 30 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಆ ಭಾರ ಬಾಲ್‌ನಿಂದ 10 ಸೆಂಟಿಮೀಟರ್ ಆಚೆ ಹೋಗುತ್ತದೆ. ಅಡ್ಡ ಹಿಡಿಯಲ್ಲಿ ಅದೇ ಭಾರ 10 ಸೆಂಟಿಮೀಟರ್ ಮೇಲಿದ್ದರೆ, ಅಷ್ಟೇ ಬಾಗಿಸಿದಾಗ ಆಚೆ ಹೋಗುವುದು 5 ಸೆಂಟಿಮೀಟರ್ ಮಾತ್ರ. ಕ್ಯಾಮೆರಾ ಅದೇ, ಕಿಲೋ ಅದೇ. ಬಾಲ್ ತಡೆದುಕೊಳ್ಳಬೇಕಾದ ತಿರುಚುವ ಬಲ ಮಾತ್ರ ಎರಡು ಪಟ್ಟು. ಡಬ್ಬದ ಮೇಲಿನ ಕಿಲೋ ಲೆಕ್ಕ ಇದನ್ನು ಹೇಳುವುದಿಲ್ಲ. 222ಕ್ಕೆ ಕಂಪನಿಯೇ ಕೊಟ್ಟ ಮಿತಿ 2.5 ಕಿಲೋ, 322ಆರ್‌ಸಿ2ಗೆ 5 ಕಿಲೋ. ಕ್ಯಾಮೆರಾ ನೆಟ್ಟಗೆ ನಿಂತಿರುವಾಗ 2.5 ಕಿಲೋ ಸುಮ್ನೆ ಕೂತಿರುತ್ತದೆ ನಿಜ. ಆದರೆ ನಾವು ಹೆಡ್ ಕೊಳ್ಳುವುದೇ ಬಾಗಿಸುವುದಕ್ಕೆ ಅಲ್ವಾ?

ಇದು ಎಲ್ಲಕ್ಕಿಂತ ಜಾಸ್ತಿ ಗೊತ್ತಾಗುವುದು ಕ್ಯಾಮೆರಾವನ್ನು ನಿಲುವು ಫ್ರೇಮಿಗೆ ಮಲಗಿಸಿದಾಗ. ನಿಂತ ಹಿಡಿ ಪೂರ್ತಿ ಪಕ್ಕಕ್ಕೆ ಮಲಗುತ್ತದೆ, ಅದರ ತುದಿಯಲ್ಲಿ ಕ್ಯಾಮೆರಾ ಟ್ರೈಪಾಡ್‌ನಿಂದ ಆಚೆ ಗಾಳಿಯಲ್ಲಿ ನೇತಾಡುತ್ತದೆ. ಫ್ರೇಮ್ ಕೂಡ ಅಷ್ಟು ಪಕ್ಕಕ್ಕೆ, ಅಷ್ಟು ಕೆಳಕ್ಕೆ ಸರಿಯುತ್ತದೆ. ಹಾಗಾಗಿ ಮತ್ತೆ ಟ್ರೈಪಾಡ್ ಎತ್ತರ ಸರಿಮಾಡಬೇಕು. ತುಸು ಗಾಳಿ ಬೀಸಿದರೂ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಪರದೆಯ ಮೇಲೆ, ಚಿತ್ರ ನಡುಗುವುದು ಕಾಣುತ್ತದೆ. ಹಗುರ ಟ್ರೈಪಾಡ್ ಆದರೆ ವಾಲುವ ಭಯವೂ ಇದೆ. ಈ ಬಗೆಯನ್ನೇ ಬಳಸುವವರು ಟ್ರೈಪಾಡ್‌ನ ಒಂದು ಕಾಲನ್ನು ಕ್ಯಾಮೆರಾ ವಾಲುವ ಕಡೆಗೇ ಚಾಚಿ ಇಡಬೇಕು.

ಅಡ್ಡ ಹಿಡಿಯಲ್ಲಿ ಈ ತೊಂದರೆ ಪೂರ್ತಿ ಹೋಗುವುದಿಲ್ಲ, ಆದರೆ ತಾಳಿಕೊಳ್ಳುವ ಮಟ್ಟಕ್ಕೆ ಇಳಿಯುತ್ತದೆ. ಒಂದೂವರೆ ಕಿಲೋ ಹಾಕಿ ನಿಲುವು ಫ್ರೇಮಿಗೆ ತಿರುಗಿಸಿದರೂ ಹಿಡಿತ ಗಟ್ಟಿ ಇತ್ತು, ನಡುಕವೂ ಕಡಿಮೆ. ಇನ್ನೊಂದು ಅನುಕೂಲವನ್ನು ನಾನು ಬಳಸಿದ ಮೇಲೆಯೇ ಮೆಚ್ಚಿದ್ದು. ಶಟರ್ ಬಟನ್ ಕ್ಯಾಮೆರಾದ ಬಲಕ್ಕಿರುತ್ತದೆ, ಬಲಗೈ ಅಲ್ಲೇ ಇರಬೇಕು. ಹಾಗಾದರೆ ಹಿಡಿ ಎಡಗೈಗೆ ಸಿಗಬೇಕು. 322ರಲ್ಲಿ ಲಿವರ್ ಅನ್ನು ಎಡಗೈಗೋ ಬಲಗೈಗೋ ಬೇಕಾದಂತೆ ಜೋಡಿಸಬಹುದು, ಅಡ್ಡ ಬೇಡವಾದರೆ ನಿಲ್ಲಿಸಿಯೂ ಇಡಬಹುದು. ಬೇರೆ ಯಾವುದೇ ಹೆಡ್ ನೋಡುವಾಗಲೂ ಇದನ್ನು ಮೊದಲೇ ಕೇಳಿ. ಬಲಗೈಗೆ ಮಾತ್ರ ಹೊಂದುವಂತೆ ಅಚ್ಚು ಹಾಕಿದ ಹಿಡಿಯಾದರೆ ಪ್ರತಿ ಫೋಟೋಗೂ ಕೈ ಬದಲಿಸಬೇಕಾಗುತ್ತದೆ. ಆಗ ಗ್ರಿಪ್‌ನ ವೇಗದ ಲಾಭ ಅರ್ಧ ಹೋದಂತೆ. ವ್ಯಾನ್‌ಗಾರ್ಡ್ ಜಿಎಚ್-300ಟಿ ಇದಕ್ಕೆ ಬೇರೆಯೇ ದಾರಿ ಹುಡುಕಿದೆ. ಅದರ ಹಿಡಿಯಲ್ಲೇ ಶಟರ್ ಒತ್ತುವ ಬಟನ್ ಇದೆ, ಕೇಬಲ್ ಮೂಲಕ ಕ್ಯಾಮೆರಾಗೆ ಜೋಡಿಸಬೇಕು. ಕ್ಯಾಮೆರಾ ಮುಟ್ಟದೆಯೇ ಫೋಟೋ ತೆಗೆಯಬಹುದು ಅನ್ನುವುದು ಚೆನ್ನಾದ ಯೋಚನೆ. ನಿಮ್ಮ ಕ್ಯಾಮೆರಾಗೆ ಹೊಂದುವ ಕೇಬಲ್ ಸಿಗುತ್ತದಾ ನೋಡಿಕೊಳ್ಳಬೇಕು ಅಷ್ಟೆ.

ಅಡ್ಡ ಹಿಡಿಗೂ ತನ್ನದೇ ಕಿರಿಕಿರಿ ಇದೆ. ಕ್ಯಾಮೆರಾವನ್ನು ಒಂದು ಕಡೆಗೆ ಜಾಸ್ತಿ ಬಾಗಿಸಿದರೆ ಲಿವರ್ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಮ್ಯಾಕ್ರೋಗೆ ಕಾಲುಗಳನ್ನು ಅಗಲಿಸಿ ನೆಲದ ಹತ್ತಿರ ಇಳಿಸಿದಾಗ ಇದು ಇನ್ನೂ ಹೆಚ್ಚು. ಲಿವರ್ ಎರಡು ಕಾಲುಗಳ ನಡುವಿನ ಜಾಗಕ್ಕೆ ಬರುವಂತೆ ಮೊದಲೇ ಟ್ರೈಪಾಡ್ ತಿರುಗಿಸಿ ಇಟ್ಟರೆ ಬಹುಪಾಲು ಬಗೆಹರಿಯುತ್ತದೆ. ಬ್ಯಾಗಿಗೆ ಕಟ್ಟಿದಾಗ ಮಾತ್ರ ಅದು ಒಂದು ಕಡೆ ಚಾಚಿಕೊಂಡೇ ಇರುತ್ತದೆ, ಗಿಡಗಂಟಿಗೆ ಸಿಕ್ಕಿಕೊಳ್ಳುತ್ತದೆ. ಕ್ಯಾಮೆರಾ ಹಾಕಿಕೊಂಡೇ ಟ್ರೈಪಾಡ್ ಹೆಗಲ ಮೇಲಿಟ್ಟು ನಡೆಯುವ ಅಭ್ಯಾಸ ಇದ್ದರೆ ಗ್ರಿಪ್ ಹೆಡ್‌ನಲ್ಲಿ ಅದನ್ನು ಬಿಡಿ. ಲಿವರ್ ಎಲ್ಲಾದರೂ ಒತ್ತಿದರೆ ಕ್ಯಾಮೆರಾ ಒಮ್ಮೆಲೇ ವಾಲುತ್ತದೆ.

ಗ್ರಿಪ್ ಹೆಡ್ ತಂದವರಲ್ಲಿ ಹಲವರು ಮುಟ್ಟದೆಯೇ ಬಿಡುವ ಭಾಗ ಒಂದಿದೆ: ಬಿಗಿತ ಹೊಂದಿಸುವ ಚಿಕ್ಕ ಚಕ್ರ. ಲಿವರ್ ಅದುಮಿದಾಗ ಬಾಲ್ ಎಷ್ಟು ಸಡಿಲವಾಗಬೇಕು, ಬಿಟ್ಟಾಗ ಎಷ್ಟು ಬಲವಾಗಿ ಹಿಡಿಯಬೇಕು ಅನ್ನುವುದನ್ನು ಇದು ತೀರ್ಮಾನಿಸುತ್ತದೆ. ತೀರಾ ಸಡಿಲ ಇದ್ದರೆ ಅದುಮಿದ ಕ್ಷಣ ಕ್ಯಾಮೆರಾ ಧೊಪ್ಪನೆ ಮುಂದಕ್ಕೆ ಬೀಳುತ್ತದೆ. ತೀರಾ ಬಿಗಿ ಇದ್ದರೆ ಲಿವರ್ ಅದುಮಿ ಅದುಮಿ ಬೆರಳು ನೋಯುತ್ತದೆ. ನಾನು ಮಾಡುವುದು ಹೀಗೆ. ಕ್ಯಾಮೆರಾ, ಆ ದಿನ ಬಳಸುವ ಲೆನ್ಸ್ ಎರಡನ್ನೂ ಹಾಕುತ್ತೇನೆ. ಒಂದು ಕೈ ಕ್ಯಾಮೆರಾ ಅಡಿಯಲ್ಲಿ ಇಟ್ಟುಕೊಂಡೇ 45 ಡಿಗ್ರಿ ಬಾಗಿಸಿ ಲಿವರ್ ಬಿಡುತ್ತೇನೆ. ಜಾರಿದರೆ ಚಕ್ರವನ್ನು ಸ್ವಲ್ಪ ಬಿಗಿ ಮಾಡುತ್ತೇನೆ. ಜಾರುವುದು ನಿಂತ ಜಾಗದಿಂದ ಇನ್ನೂ ತುಸು ಬಿಗಿ, ಅಲ್ಲಿಗೆ ಸಾಕು. ಲೆನ್ಸ್ ಬದಲಿಸಿದರೆ ಮತ್ತೊಮ್ಮೆ ಹೊಂದಿಸಬೇಕು. ಚಿಕ್ಕ ಕೈ ಇರುವವರು, ಬೆರಳು ಕೀಲು ನೋವಿರುವವರು ಈ ಬಿಗಿತವನ್ನು ತಮ್ಮ ಕೈಯಲ್ಲೇ ಅದುಮಿ ನೋಡದೆ ಗ್ರಿಪ್ ಹೆಡ್ ಕೊಳ್ಳಬೇಡಿ. ಅಡ್ಡ ಹಿಡಿಯಲ್ಲಿ ಒಂದು ತಾಸು ಕೆಲಸ ಮಾಡಿದರೆ ನನ್ನ ಮುಂಗೈಗೂ ಆಯಾಸ ಗೊತ್ತಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಪರೀಕ್ಷೆ. ಫ್ರೇಮ್ ಸರಿಯಾಗಿ ಕೂರಿಸಿ ಲಿವರ್ ಬಿಟ್ಟಾಗ ಚಿತ್ರ ಸ್ವಲ್ಪ ಕೆಳಗೆ ಇಳಿಯುತ್ತದೆ. ಬ್ರೇಕ್ ಬಾಲ್ ಮೇಲೆ ಕೂರುವಾಗ ಹೀಗಾಗುತ್ತದೆ, ಹೆಡ್‌ನ ಭಾಗಗಳು ಭಾರಕ್ಕೆ ಬಾಗುವುದೂ ಸೇರಿಕೊಳ್ಳುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದೇ ಪ್ರಶ್ನೆ. ಅರ್ಧ ಡಿಗ್ರಿ ಅಂದುಕೊಳ್ಳಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಮೇಲಿಂದ ಕೆಳಗೆ ಸುಮಾರು 53 ಡಿಗ್ರಿ ನೋಡುತ್ತದೆ. ಅದರಲ್ಲಿ ಅರ್ಧ ಡಿಗ್ರಿ ಅಂದರೆ ಫ್ರೇಮಿನ ನೂರರಲ್ಲಿ ಒಂದು ಪಾಲು, ಯಾರಿಗೂ ಕಾಣುವುದಿಲ್ಲ. 200 ಎಂಎಂ ನೋಡುವುದು ಸುಮಾರು 7 ಡಿಗ್ರಿ ಮಾತ್ರ. ಅಲ್ಲಿ ಅದೇ ಅರ್ಧ ಡಿಗ್ರಿ 14ರಲ್ಲಿ ಒಂದು ಪಾಲು. ತುದಿಯಲ್ಲಿ ಇಟ್ಟ ಹಕ್ಕಿಯ ಕಾಲು ಫ್ರೇಮಿನಿಂದ ಆಚೆ ಹೋಗಲು ಅಷ್ಟು ಸಾಕು.

ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಹತ್ತಿರ ಇರುವ ಅತಿ ಉದ್ದದ ಲೆನ್ಸ್ ಹಾಕಿ, ಲೈವ್ ವ್ಯೂ ಹಿಗ್ಗಿಸಿ, ನಡುವಿನ ಗುರುತನ್ನು ದೂರದ ಒಂದು ಚುಕ್ಕೆಯ ಮೇಲೆ ಇಡಿ. ಲಿವರ್ ಬಿಡಿ, ಆಮೇಲೆ ಕ್ಯಾಮೆರಾದಿಂದಲೂ ಕೈ ತೆಗೆಯಿರಿ. ಚುಕ್ಕೆ ಎಲ್ಲಿಗೆ ಹೋಯಿತು ನೋಡಿ. ನನ್ನ ಕೈಯಲ್ಲಿ ನಿಂತ ಹಿಡಿ ಜಾಸ್ತಿ ಇಳಿಯಿತು, ಅಡ್ಡ ಹಿಡಿ ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ. ನಾಬ್ ಹೆಡ್ ಎಲ್ಲಕ್ಕಿಂತ ಕಡಿಮೆ ಇಳಿಯಿತು, ಆದರೆ ಅದು ಕೂಡ ಬಿಗಿ ಮಾಡುವಾಗ ಒಂದಿಷ್ಟು ಅಲುಗಿತು. ವೈಡ್ ಲೆನ್ಸ್‌ನಲ್ಲಿ ಮೂರೂ ಒಂದೇ. ಮ್ಯಾಕ್ರೋದಲ್ಲಿ ಗ್ರಿಪ್ ಹೆಡ್ ಬಳಸುವಾಗ ನಾನು ಫ್ರೇಮನ್ನು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ಇಟ್ಟು ಬಿಡುತ್ತೇನೆ. ಇಳಿದು ಸರಿಯಾದ ಜಾಗಕ್ಕೇ ಬರುತ್ತದೆ. ಕೆಲವೇ ದಿನಗಳಲ್ಲಿ ಕೈಗೆ ಅಭ್ಯಾಸ ಆಗುತ್ತದೆ.

ಇನ್ನೊಂದು ವಿಷಯ ಹೆಡ್‌ಗಿಂತ ಕೆಳಗಿದೆ. ಹೆಡ್ ಟ್ರೈಪಾಡ್‌ಗೆ ಕೂರುವುದು ಸಾಮಾನ್ಯವಾಗಿ 3/8 ಇಂಚಿನ ಸ್ಕ್ರೂ ಮೇಲೆ. ಗ್ರಿಪ್ ಹಿಡಿದು ಎಡಕ್ಕೆ ತಿರುಗಿಸಿದಾಗಲೆಲ್ಲ ಆ ಸ್ಕ್ರೂ ಬಿಚ್ಚುವ ದಿಕ್ಕಿಗೆ ಬಲ ಬೀಳುತ್ತದೆ. ಹಿಡಿ ಉದ್ದ ಇದ್ದಷ್ಟೂ, ಚಾಚಿದಷ್ಟೂ ಈ ಬಲ ಜಾಸ್ತಿ. ಬಾಲ್ ತಿರುಗುತ್ತಿದೆ ಅಂದುಕೊಂಡರೆ ತಿರುಗುತ್ತಿರುವುದು ಇಡೀ ಹೆಡ್ ಆಗಿರಬಹುದು. ಹಲವು ಟ್ರೈಪಾಡ್‌ಗಳ ಮೇಲಿನ ತಟ್ಟೆಯ ಅಡಿಯಲ್ಲಿ ಇದಕ್ಕೆಂದೇ ಚಿಕ್ಕ ಸ್ಕ್ರೂಗಳಿರುತ್ತವೆ. ಅಲೆನ್ ಕೀಯಿಂದ ಅವನ್ನು ಮೇಲಕ್ಕೆ ಬಿಗಿ ಮಾಡಿದರೆ ಹೆಡ್‌ನ ತಳಕ್ಕೆ ಒತ್ತಿ ನಿಲ್ಲುತ್ತವೆ. ಗ್ರಿಪ್ ಹೆಡ್ ಹಾಕುವವರು ಅವನ್ನು ಸುಮ್ನೆ ಬಿಡಬಾರದು.

ನಾಬ್ ಹೆಡ್ ನಿಧಾನ, ಎರಡು ಕೈ ಬೇಕು. ಆದರೆ ಅದರಲ್ಲಿ ಒಂದು ಸೌಲಭ್ಯ ಇದೆ, ಜಾಯ್‌ಸ್ಟಿಕ್ ಬಗೆಯ ಬಹಳಷ್ಟು ಹೆಡ್‌ಗಳಲ್ಲಿ ಅದು ಸಿಗುವುದಿಲ್ಲ: ಬುಡದಲ್ಲಿ ಬೇರೆಯೇ ಪ್ಯಾನ್ ಲಾಕ್. ಬಾಲ್ ಅನ್ನು ಅಲುಗಿಸದೆ ಕ್ಯಾಮೆರಾವನ್ನು ಎಡಬಲಕ್ಕೆ ಮಾತ್ರ ತಿರುಗಿಸಬಹುದು. ಲಿವರ್ ಅದುಮಿದರೆ ಎಲ್ಲ ದಿಕ್ಕೂ ಒಟ್ಟಿಗೆ ಸಡಿಲವಾಗುತ್ತದೆ. ಹೀಗಾಗಿ ಪ್ಯಾನೊರಮಾ ತೆಗೆಯುವಾಗ ಪ್ರತಿ ಫ್ರೇಮಿಗೂ ದಿಗಂತವನ್ನು ಮತ್ತೆ ಮಟ್ಟ ಮಾಡಬೇಕು. ಕಟ್ಟಡದ ಫೋಟೋ ತೆಗೆಯುವವರಿಗೂ ಇದೇ ಗೋಳು. ಹೆಡ್ ಮೇಲೆ ರಸಮಟ್ಟ ಇದ್ದರೂ ಒಂದು ದಿಕ್ಕು ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ನಾಬ್ ಹೆಡ್ ಚಿಕ್ಕದು, ಹಗುರ ಕೂಡ. ಗ್ರಿಪ್ ಹೆಡ್‌ಗಳು ಸಾಮಾನ್ಯವಾಗಿ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತವೆ. ಬೆಟ್ಟ ಹತ್ತುವಾಗ ಆ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ.

ಪ್ಲೇಟ್ ಬಗ್ಗೆ, ಅಂದರೆ ಕ್ಯಾಮೆರಾ ಅಡಿಗೆ ಹಾಕಿ ಹೆಡ್‌ಗೆ ಸಿಕ್ಕಿಸುವ ತಟ್ಟೆಯ ಬಗ್ಗೆ ಚಿಕ್ಕದಾಗಿ. ಆರ್‌ಸಿ2 ಅನ್ನುವುದು ಮ್ಯಾನ್‌ಫ್ರೊಟ್ಟೊದ ಸ್ವಂತ ಪ್ಲೇಟ್ ವ್ಯವಸ್ಥೆ. ಆರ್ಕಾ-ಸ್ವಿಸ್ ಬಗೆಯ ಪ್ಲೇಟ್ ಸುಮಾರು 38 ಮಿಲಿಮೀಟರ್ ಅಗಲ, ಇಂದು ಹಲವಾರು ಕಂಪನಿಗಳು ಇದನ್ನೇ ಬಳಸುತ್ತವೆ. ನಿಮ್ಮ ಹತ್ತಿರ ಆಗಲೇ ಆರ್ಕಾ ಪ್ಲೇಟ್‌ಗಳಿದ್ದರೆ ಅದಕ್ಕೆ ಹೊಂದುವ ಹೆಡ್ ಹುಡುಕುವುದು ವಾಸಿ. ಇನ್ನೂ ಒಂದು ಲಾಭ ಇದೆ. ಹೆಡ್‌ನಲ್ಲಿ ಆ ಪ್ಲೇಟ್ ಹಿಡಿಯುವ ಆರ್ಕಾ ಕ್ಲ್ಯಾಂಪ್ ಇದ್ದರೆ ಎಲ್ ಬ್ರಾಕೆಟ್ (ಕ್ಯಾಮೆರಾದ ಅಡಿಗೂ ಪಕ್ಕಕ್ಕೂ ಬರುವ ಎಲ್ ಆಕಾರದ ಪ್ಲೇಟ್) ಹಾಕಬಹುದು. ಆಗ ನಿಲುವು ಫ್ರೇಮಿಗೆ ಬಾಲ್ ಮಲಗಿಸುವುದೇ ಬೇಡ, ಕ್ಯಾಮೆರಾವನ್ನೇ ಬಿಚ್ಚಿ ಇನ್ನೊಂದು ಬದಿಯಿಂದ ಕೂರಿಸಿದರೆ ಆಯಿತು. ನಿಂತ ಹಿಡಿಯ ದೊಡ್ಡ ತೊಂದರೆಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

70-200 ಹಾಕಿದಾಗ ಗ್ರಿಪ್ ಎರಡೂ ಬಗೆಯಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಲೆನ್ಸ್‌ನ ಕಾಲರ್‌ಗೆ (ಲೆನ್ಸ್ ಸುತ್ತ ಇರುವ, ಟ್ರೈಪಾಡ್‌ಗೆ ಜೋಡಿಸುವ ಬಳೆ) ಪ್ಲೇಟ್ ಹಾಕಿ ಭಾರ ನಡುವಿಗೆ ತಂದರೆ ಅಡ್ಡ ಹಿಡಿ ತಕ್ಕಮಟ್ಟಿಗೆ ನಿಭಾಯಿಸುತ್ತದೆ. ಅದಕ್ಕಿಂತ ದೊಡ್ಡ ಲೆನ್ಸ್‌ಗೆ, ಭಾರವನ್ನು ಸಮತೋಲದಲ್ಲಿ ತೂಗಿಸಿ ಹಿಡಿಯುವ ಗಿಂಬಲ್ ಹೆಡ್ ಬೇಕು. ವಿಡಿಯೋಗೆ ಜರ್ಕ್ ಇಲ್ಲದೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಬೇಕು, ಅಲ್ಲಿ ಈ ಮೂರೂ ಬೇಡ.

ಹಾಗಾದರೆ ನನ್ನ ಟ್ರೈಪಾಡ್ ಮೇಲೆ ಈಗ ಇರುವುದು ಯಾವುದು? ಅಡ್ಡ ಹಿಡಿ. ನಾನು ಹೆಚ್ಚು ತೆಗೆಯುವುದು ಹೂವು, ಹುಳ, ಮನುಷ್ಯರ ಫೋಟೋ. ಫ್ರೇಮ್ ಪ್ರತಿ ಸಲವೂ ಬದಲಾಗುತ್ತದೆ, ಭಾರ ಎರಡು ಕಿಲೋ ದಾಟುವುದಿಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಹಿತವಾದ ಹೆಡ್ ನಾನು ಬಳಸಿಲ್ಲ. ಭೂದೃಶ್ಯ, ಕಟ್ಟಡ, ಪ್ಯಾನೊರಮಾ ನಿಮ್ಮ ಕೆಲಸವಾದರೆ ಗ್ರಿಪ್‌ಗೆ ಹಣ ಹಾಕಬೇಡಿ, ಅದೇ ಹಣಕ್ಕೆ ದೊಡ್ಡ ಬಾಲ್ ಇರುವ ಒಳ್ಳೆಯ ನಾಬ್ ಹೆಡ್ ತೆಗೆದುಕೊಳ್ಳಿ. ನಿಂತ ಹಿಡಿ ಹಗುರವಾದ ಮಿರರ್‌ಲೆಸ್ ಕ್ಯಾಮೆರಾ, ಚಿಕ್ಕ ಲೆನ್ಸ್ ಇರುವವರಿಗೆ ಸರಿ. ಅವರಿಗೆ ಅದರ ವೇಗ ಪೂರ್ತಿ ಸಿಗುತ್ತದೆ, ಎತ್ತರದ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ.

ಕೊಳ್ಳುವ ಮೊದಲು ಸಾಧ್ಯವಾದರೆ ನಿಮ್ಮದೇ ಕ್ಯಾಮೆರಾ, ನಿಮ್ಮದೇ ಭಾರದ ಲೆನ್ಸ್ ಹಾಕಿ ನೋಡಿ. ನಿಲುವು ಫ್ರೇಮಿಗೆ ಮಲಗಿಸಿ ಒಂದು ನಿಮಿಷ ಬಿಡಿ, ಜಾರುತ್ತದಾ ನೋಡಿ. ಬಳಸಿದ ಹೆಡ್ ಕೊಳ್ಳುವುದಾದರೆ ಬಿಗಿತದ ಚಕ್ರ ಎಲ್ಲಿಗೆ ಬಂದು ನಿಂತಿದೆ ಅನ್ನುವುದನ್ನೂ ನೋಡಿ. ಆಗಲೇ ಪೂರ್ತಿ ಬಿಗಿಯಾಗಿದ್ದು ಇನ್ನೂ ಜಾರುತ್ತಿದ್ದರೆ ಆ ಹೆಡ್ ಬೇಡ.