ಜಿಪ್ಸಿಗೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಿಟ್: ಮೊದಲು ಕಿಂಗ್‌ಪಿನ್, ಆಮೇಲೆ ಮೋಟರ್

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಾ ಮಾರುತಿ ಜಿಪ್ಸಿ ಓಡಿಸುವವರಿಗೆ ತೋಳು ನೋವು ಹೊಸದಲ್ಲ. 235/75 ಆರ್15 ಅಳತೆಯ ದೊಡ್ಡ ಟೈರ್ ಹಾಕಿಸಿಕೊಂಡ ಮೇಲಂತೂ ಗಾಡಿ ಪಾರ್ಕ್ ಮಾಡುವುದೇ ಒಂದು ಕಸರತ್ತು. ಅದಕ್ಕೇ ಈಗ ಹಳೆ ಸಣ್ಣ ಕಾರುಗಳ ಸ್ಟೀರಿಂಗ್ ಕಾಲಂ, ಅದರ ಮೇಲಿನ ಮೋಟರ್, ಕಂಟ್ರೋಲರ್, ವೈರಿಂಗ್ ಎಲ್ಲ ಸೇರಿಸಿದ ಕಿಟ್ ಹಾಕಿಸುವವರು ಹೆಚ್ಚಾಗಿದ್ದಾರೆ. ಕಿಟ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ನಿಂತಲ್ಲೇ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗುತ್ತದೆ. ತೊಂದರೆ ಇರುವುದು ಬೇರೆ ಕಡೆ: ಮುಂದಿನ ಆಕ್ಸಲ್ ಸವೆದಿದ್ದರೆ ಮೋಟರ್ ಅದನ್ನು ಸರಿ ಮಾಡುವುದಿಲ್ಲ, ಕೈಗೆ ಗೊತ್ತಾಗದ ಹಾಗೆ ಮುಚ್ಚಿಡುತ್ತದೆ.

ಆದ್ದರಿಂದ ಕಿಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಮುಂದಿನ ಚಕ್ರಗಳನ್ನು ಜಾಕಿ ಮೇಲೆ ಎತ್ತಿ. ಟೈರಿನ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ದೋಷ ವೀಲ್ ಬೇರಿಂಗ್‌ನಲ್ಲಿ. ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಬೇರಿಂಗ್ ಹೋಗಿದೆ. ಎಡಕ್ಕೆರಡು, ಬಲಕ್ಕೆರಡು, ಒಟ್ಟು ನಾಲ್ಕು ಟೇಪರ್ ಬೇರಿಂಗ್. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ, ಕಪ್ (ಬೇರಿಂಗಿನ ಹೊರ ಬಳೆ) ಸಮೇತ ಬದಲಿಸಿ. ಹೊಸ ಬೇರಿಂಗ್ ಬಿಗಿದ ಮೇಲೆ ಸೀಲ್ ಹಾಕುವ ಮುಂಚೆ ನಕಲ್‌ನ (ಚಕ್ರವನ್ನು ಹಿಡಿದು ತಿರುಗುವ ಭಾಗ) ಟೈ ರಾಡ್ (ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳು) ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. 1ರಿಂದ 1.8 ಕೆ.ಜಿ. ಎಳೆತಕ್ಕೆ ಅದು ತಿರುಗಲು ಶುರುವಾದರೆ ಸರಿ. ಕಡಿಮೆ ಬಂದರೆ ಶಿಮ್ (ತೆಳು ತಗಡಿನ ಹಾಳೆ) ತೆಗೆಯಬೇಕು, ಜಾಸ್ತಿ ಬಂದರೆ ಸೇರಿಸಬೇಕು. ಬಹಳ ಗ್ಯಾರೇಜ್‌ಗಳಲ್ಲಿ ಇದನ್ನು ಅಂದಾಜಿನಲ್ಲೇ ಮುಗಿಸುತ್ತಾರೆ. 60 ಕಿ.ಮೀ. ವೇಗದಲ್ಲಿ ಗುಂಡಿ ಹಾರಿದೊಡನೆ ಸ್ಟೀರಿಂಗ್ ಗಡಗಡ ನಡುಗುವುದಕ್ಕೆ ಅರ್ಧ ಕಾರಣ ಅಲ್ಲಿದೆ. ಉಳಿದರ್ಧ ಟೈ ರಾಡ್ ಎಂಡ್, ಬ್ಯಾಲೆನ್ಸ್ ತಪ್ಪಿದ ದೊಡ್ಡ ಟೈರು.

ಗಾಡಿ ಎತ್ತರಿಸಲು ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದವರು ಇನ್ನೂ ಒಂದು ವಿಷಯ ಗಮನಿಸಬೇಕು. ಶ್ಯಾಕಲ್ ಉದ್ದವಾದಷ್ಟೂ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಅದರ ಮೇಲೆ ಮೋಟರ್, ಗೇರಿನ ಘರ್ಷಣೆಯೂ ಸೇರಿದರೆ ದೇವರಾಯನದುರ್ಗದ ಘಾಟಿಯಲ್ಲಿ ಪ್ರತಿ ತಿರುವಿಗೂ ಸ್ಟೀರಿಂಗನ್ನು ಕೈಯಿಂದಲೇ ವಾಪಸ್ ತರಬೇಕಾಗುತ್ತದೆ. ಸ್ಪ್ರಿಂಗ್ ಪಟ್ಟಿಗೂ ಆಕ್ಸಲ್‌ಗೂ ನಡುವೆ ಟೇಪರ್ ವೆಡ್ಜ್ (ಇಳಿಜಾರಾದ ಬೆಣೆ) ಕೊಟ್ಟು ಕ್ಯಾಸ್ಟರ್ ವಾಪಸ್ ಪಡೆಯಬಹುದು. ಶ್ಯಾಕಲ್ ಬಿಚ್ಚಿ ಹಳೆಯದನ್ನೇ ಹಾಕಿಸುವುದು ಇನ್ನೂ ಒಳ್ಳೆಯದು.

ಕಿಟ್‌ನಲ್ಲಿ ಮೊದಲು ನೋಡಬೇಕಾದ್ದು ಕಪ್ಲರ್, ಅಂದರೆ ಕಿಟ್‌ನ ಕಾಲಂ ಅನ್ನು ಜಿಪ್ಸಿಯ ಸ್ಟೀರಿಂಗ್ ಶಾಫ್ಟಿಗೆ ಸೇರಿಸುವ ಜೋಡಣೆ. ಕಾರಿನ ಕಾಲಂನ ಹಲ್ಲೂ ಜಿಪ್ಸಿ ಶಾಫ್ಟಿನ ಹಲ್ಲೂ ಒಂದೇ ಅಲ್ಲ. ಒಳ್ಳೆ ಕಿಟ್‌ನಲ್ಲಿ ಎರಡೂ ತುದಿಗೆ ಸರಿಯಾದ ಹಲ್ಲು ಕತ್ತರಿಸಿದ ಯುನಿವರ್ಸಲ್ ಜಾಯಿಂಟ್ ಇರುತ್ತದೆ. ಅಗ್ಗದ್ದರಲ್ಲಿ ಎರಡು ಶಾಫ್ಟ್ ತುಂಡು ಸೇರಿಸಿ ವೆಲ್ಡ್ ಹೊಡೆದಿರುತ್ತಾರೆ. ರಬ್ಬರ್ ಬೂಟ್ ಸರಿಸಿ ನೋಡಿ, ವೆಲ್ಡಿಂಗ್ ಗೆರೆ ಕಂಡರೆ ಕಿಟ್ ವಾಪಸ್ ಕೊಟ್ಟು ಬನ್ನಿ. ಮೋಟರಿನ ಬಲವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತದೆ. ಅದು ತುಂಡಾದರೆ ಚಕ್ರಕ್ಕೂ ಕೈಗೂ ಸಂಬಂಧವೇ ಇರುವುದಿಲ್ಲ. ಬರೀ ಕರೆಂಟ್ ಹೋದರೆ ಇಷ್ಟು ಭಯವಿಲ್ಲ, ಸ್ಟೀರಿಂಗ್ ಬಿಗಿಯಾಗುತ್ತದೆ ಅಷ್ಟೆ. ಬ್ರ್ಯಾಕೆಟ್ ಕೂಡ ದಪ್ಪದ್ದಿರಲಿ. ತೆಳು ತಗಡಿನದಾದರೆ ತಿರುಗಿಸುವಾಗ ಕಾಲಂ ಪೂರ್ತಿ ಬಾಗುವುದು ಕಣ್ಣಿಗೇ ಕಾಣುತ್ತದೆ.

ವೈರಿಂಗ್ ಬ್ಯಾಟರಿಯಿಂದಲೇ ನೇರ ಬರಬೇಕು: 8ರಿಂದ 10 ಸ್ಕ್ವೇರ್ ಎಂ.ಎಂ. ತಂತಿ, ಬ್ಯಾಟರಿ ಪಕ್ಕದಲ್ಲೇ ಕಿಟ್‌ಗೆ ಹೇಳಿದ ಫ್ಯೂಸ್. ಅರ್ತ್ ಡ್ಯಾಶ್‌ಬೋರ್ಡ್ ಬೋಲ್ಟಿಗೆ ಬೇಡ, ಬ್ಯಾಟರಿಯ ನೆಗೆಟಿವ್‌ಗೇ ಕೊಡಿ. ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಹೆಡ್‌ಲೈಟ್ ಮಂಕಾದರೆ ಆಲ್ಟರ್ನೇಟರ್, ಬೆಲ್ಟ್ ನೋಡಿಸಿ. ಮಡಚುವ ಗಾಜಿನ ಬುಡದಿಂದ ಮಳೆನೀರು ಇಳಿಯುವ ಗಾಡಿ ಇದು, ಹಾಗಾಗಿ ಕಂಟ್ರೋಲರ್ ಕಾಲ ಬಳಿ ಬೇಡ, ಮೇಲೆ ಒಣಗಿರುವ ಕಡೆ ಕೂರಿಸಲಿ.

ಕೆಲವು ಕಿಟ್‌ಗಳ ಕಂಟ್ರೋಲರ್‌ಗೆ ಗಾಡಿಯ ವೇಗ ತಿಳಿಸುವ ಸ್ಪೀಡ್ ಸಿಗ್ನಲ್ ಇರುವುದಿಲ್ಲ, ಬದಲಿಗೆ ಮೋಟರಿನ ನೆರವು ಹೆಚ್ಚು ಕಡಿಮೆ ಮಾಡಲು ಒಂದು ನಾಬ್ ಇರುತ್ತದೆ. ಊರೊಳಗೆ ಹಿತವಾಗಿರುವ ಸೆಟ್ಟಿಂಗ್‌ನಲ್ಲೇ ಬೆಂಗಳೂರು ಹೈವೇಗೆ ಹೋದರೆ ಸ್ಟೀರಿಂಗ್ ತೀರಾ ಹಗುರವಾಗಿ ಗಾಡಿ ಆ ಕಡೆ ಈ ಕಡೆ ಎಳೆದಾಡುತ್ತದೆ. ಕ್ಯಾತ್ಸಂದ್ರ ದಾಟುವ ಮುಂಚೆ ನಾಬ್ ಇಳಿಸಿಕೊಳ್ಳಿ. ಎರಡು ಕಿಟ್ ಮುಂದಿದ್ದರೆ ಸ್ಪೀಡ್ ಸಿಗ್ನಲ್ ಇರುವುದಕ್ಕೇ ನಮ್ಮ ಮತ.

ಮಹೀಂದ್ರಾದ ಎಂಎಂ 540 ಅಥವಾ ಮೇಜರ್ ಜೀಪ್ ಇಟ್ಟುಕೊಂಡವರಿಗೆ ಜಿಪ್ಸಿಯ ಈ ಕಿಟ್ ಅಷ್ಟಾಗಿ ಹೊಂದುವುದಿಲ್ಲ. ಡೀಸೆಲ್ ಎಂಜಿನ್ನಿನ ಭಾರ ಮುಂದಿನ ಚಕ್ರದ ಮೇಲಿರುವ ಆ ಗಾಡಿಗಳಿಗೆ ಬೊಲೆರೊದ ಹೈಡ್ರಾಲಿಕ್ ಸ್ಟೀರಿಂಗ್ ಬಾಕ್ಸ್, ಪಂಪ್ ಕೂರಿಸುವ ವಾಡಿಕೆ ಇದೆ.