ಕಾರವಾರ ಕಡೆ ಕುಡಿತ ಬಿಡುವ ಮೀಟಿಂಗ್ ಹುಡುಕುತ್ತಿದ್ದೀರಾ? ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ಎಲ್ಲರೂ ಕೇಳುವುದು ಅದನ್ನೇ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಅದರ ಮೀಟಿಂಗಿಗೆ ಫೀಸ್ ಇಲ್ಲ. ಆಧಾರ್ ಕಾರ್ಡೂ ಕೇಳುವುದಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಚಹಾಕ್ಕೆ ಮತ್ತು ರೂಮಿನ ಖರ್ಚಿಗೆ ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಹಾಕದಿದ್ದರೂ ಯಾರೂ ಮುಖ ನೋಡುವುದಿಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು, ನೀವು ಸದಸ್ಯರು. ಎ.ಎ.ಗೆ ಹೋಗುವ ಮುಂಚೆ ಅಣ್ಣನಿಗಾಗಿ ನಾನು ಫೋನ್ ಮಾಡಿದ್ದ, ಕುಡಿತ ಬಿಡಿಸುವ ಒಂದು ಖಾಸಗಿ ಕೇಂದ್ರದವರು ಅವನ ಹೆಸರು ಕೇಳುವ ಮೊದಲೇ ತಿಂಗಳ ಪ್ಯಾಕೇಜಿನ ರೇಟ್ ಹೇಳಿದ್ದರು. ಹಾಗಾಗಿ ಇದು ನನಗೆ ದೊಡ್ಡ ಸಮಾಧಾನ.

ಬಿಡಬೇಕು ಅಂದವನು ಅಣ್ಣ. ಜೊತೆಗೆ ಓಡಾಡಿದವಳು ನಾನು. ಅವನು ಬರಿ ಅಂದಿದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಕಾರವಾರ ಪೇಟೆಯ ಒಂದು ಗುಂಪಿಗೆ. ಜನ ತುಂಬಾ ಒಳ್ಳೆಯವರು. ಆದರೆ ಮಾತೆಲ್ಲ ಕೊಂಕಣಿ. ಅಣ್ಣ ಶಿರಸಿ ಕಡೆ ಹುಟ್ಟಿ ಬೆಳೆದು ಕೆಲಸಕ್ಕೆ ಅಂತ ಕರಾವಳಿಗೆ ಇಳಿದವನು, ಕೊಂಕಣಿ ಅರ್ಥ ಆಗುತ್ತದೆ, ಅಂಗಡಿಯಲ್ಲಿ ವ್ಯವಹಾರ ಮಾಡುವಷ್ಟು ಬರುತ್ತದೆ, ಆದರೆ ಹೆಂಡತಿ ಮಕ್ಕಳ ಎದುರು ತಲೆ ಎತ್ತಲಾಗದ ಸಂಕಟವನ್ನು ಆ ಭಾಷೆಯಲ್ಲಿ ಹೇಳು ಅಂದರೆ ಅವನಿಂದ ಆಗಲಿಲ್ಲ. ಜೊತೆಗೆ ಅಲ್ಲಿ ಪರಿಚಯದ ಮುಖ ಒಂದು ಕಂಡಿತು. ಸಣ್ಣ ಊರಲ್ಲಿ ಎಲ್ಲರಿಗೂ ಇರುವ ಭಯ ಇದೇ ಅಲ್ವಾ? ಇಲ್ಲಿ ಯಾರನ್ನು ಕಂಡೆವು, ಏನು ಕೇಳಿದೆವು ಅನ್ನುವುದನ್ನು ಹೊರಗೆ ಹೇಳಬಾರದು ಅನ್ನುವುದು ಅಲ್ಲಿನ ಪದ್ಧತಿ, ಆ ಮನುಷ್ಯ ಅದನ್ನು ಉಳಿಸಿಕೊಂಡಿದ್ದಾನೆ. ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಸುಮ್ನೆ ತಲೆಯಾಡಿಸಿ ಹೋದ, ಅಷ್ಟೇ.

ಎರಡನೇ ಗುಂಪು ಕುಮಟಾ ದಾರಿಯಲ್ಲಿ, ಕನ್ನಡದಲ್ಲಿ ನಡೆಯುವುದು. ವೃತ್ತವಾಗಿ ಪ್ಲಾಸ್ಟಿಕ್ ಕುರ್ಚಿ. ಕುಡಿತ ಬಿಡಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ ಲ್ಯಾಮಿನೇಟ್ ಕಾರ್ಡ್, ಅಂಚೆಲ್ಲ ಬಿಚ್ಚಿಕೊಂಡಿದೆ, ಅದು ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಹೆಜ್ಜೆ ಓದುತ್ತಾರೆ. ಓದಲು ಬಾರದ ಒಬ್ಬರಿಗೆ ಪಕ್ಕದವರು ಪಿಸುದನಿಯಲ್ಲಿ ಹೇಳಿಕೊಟ್ಟರು, ಅವರು ಅದನ್ನೇ ಗಟ್ಟಿಯಾಗಿ ಹೇಳಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಬೋಟಿಗೆ ಹೋಗುವ ಒಬ್ಬರು ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವಾಗ ಕೈಯಲ್ಲಿ ಕೆಲಸ ಇಲ್ಲದೆ ಕುಡಿತ ಜಾಸ್ತಿ ಆಗುತ್ತಿದ್ದುದನ್ನು ಹೇಳಿದರು. ಅವತ್ತು ಅಣ್ಣ ಮೊದಲ ಸಲ ಬಾಯಿ ಬಿಟ್ಟ. ಹೊರಡುವಾಗ ಅದೇ ಬೋಟಿನವರು ಬಸ್ ಟಿಕೆಟ್ ಹಿಂದೆ ತಮ್ಮ ನಂಬರ್ ಬರೆದುಕೊಟ್ಟು, ಕುಡಿಯಬೇಕು ಅನ್ನಿಸಿದರೆ ಕುಡಿಯುವ ಮೊದಲು ಫೋನ್ ಮಾಡು, ಆಮೇಲೆ ಅಲ್ಲ ಅಂದರು.

ಇನ್ನೊಂದು ವಿಷಯ ಮೀಟಿಂಗಿನ ಹೊತ್ತು. ಅಣ್ಣನಿಗೆ ಕಷ್ಟ ಆಗುವುದು ಸಂಜೆ ಕೆಲಸ ಬಿಟ್ಟ ಮೇಲೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಬಾಟಲಿ ಅಗ್ಗ, ಬೈಕ್ ತಾನಾಗೇ ಆ ಕಡೆ ತಿರುಗುತ್ತದೆ. ಭಾನುವಾರ ಬೆಳಿಗ್ಗೆಯ ಮೀಟಿಂಗ್ ಎಷ್ಟೇ ಚೆನ್ನಾಗಿದ್ದರೂ ಅವನಿಗೆ ಬೇಕಾದದ್ದು ಆ ಸಂಜೆಯ ಹೊತ್ತಿಗೆ. ನಿಮಗೆ ಯಾವ ಹೊತ್ತು ಕಷ್ಟವೋ ಆ ಹೊತ್ತಿನ ಮೀಟಿಂಗ್ ಹುಡುಕಿ, ಹತ್ತಿರ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಇವೆ. ಶಿರಸಿ, ಸಿದ್ದಾಪುರದ ಹಳ್ಳಿಗಳವರಿಗೆ, ಮಳೆಗಾಲದಲ್ಲಿ ಘಟ್ಟ ಇಳಿಯಲು ಆಗದವರಿಗೆ ಅದು ನಿಜಕ್ಕೂ ಉಪಯೋಗ, ನೆಟ್‌ವರ್ಕ್ ಇದ್ದರೆ.

ಇದು ಚರ್ಚಿನವರದ್ದಾ ಅಂತ ಅಮ್ಮ ಕೇಳಿದರು. ಅಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಕುಡಿತದಿಂದ ಸೋತಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ ಸೇರಿ ಶುರು ಮಾಡಿದ್ದು. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು. ಅದೂ ಒಗ್ಗದಿದ್ದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಇದೆ. ಎಂಟು ದಿನ ಅಲ್ಲೇ ಉಳಿಯಬೇಕು, ಬಿಟ್ಟವರಿಗೆ ಆಮೇಲೆ ನವಜೀವನ ಸಮಿತಿ ಸಭೆಗಳಿವೆ. ಅದು ಊರಿಗೆಲ್ಲ ಗೊತ್ತಾಗುವ ಹಾಗೆ ನಡೆಯುವಂಥದ್ದು, ಕೆಲವರಿಗೆ ಅದೇ ಬಲ. ಅಣ್ಣನಿಗೆ ಗುಟ್ಟಾಗಿರಬೇಕಿತ್ತು.

ದಯವಿಟ್ಟು ಇದನ್ನು ಮಾತ್ರ ಮರೆಯಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಮೀಟಿಂಗಿನಲ್ಲಿ ಡಾಕ್ಟರ್ ಇರುವುದಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ, ಡಾಕ್ಟರ್ ಕೊಟ್ಟ ಔಷಧಿ ತೆಗೆದುಕೊಳ್ಳುತ್ತಲೇ ಕುಡಿತ ಬಿಡಿ. ಯಾರನ್ನು ಕೇಳುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕುಮಟಾ ದಾರಿಯ ಗುಂಪಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕಂದ್ರೆ ಮನೆಯವರು ಕೂರಬಹುದಾದದ್ದು ಓಪನ್ ಮೀಟಿಂಗಿನಲ್ಲಿ ಮಾತ್ರ, ಉಳಿದ ದಿನ ನಾನು ಮತ್ತು ಅತ್ತಿಗೆ ಹೊರಗೆ ಕಾಯುತ್ತೇವೆ. ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಇದೆ, ಆದರೆ ಕನ್ನಡದಲ್ಲಿ ನಡೆಯುವಂಥದ್ದು ನಮಗೆ ಇನ್ನೂ ಸಿಕ್ಕಿಲ್ಲ. ಅಂಕೋಲಾದಿಂದ ಹೊನ್ನಾವರದವರೆಗೆ ಎಲ್ಲಾದರೂ ಇದ್ದರೆ ತಿಳಿಸಿ, ಅತ್ತಿಗೆಗೆ ತುರ್ತಾಗಿ ಬೇಕು.